ಪಕ್ಕದ ಮನೆಯ ಹೆಪ್ಪು

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಮನೆಯಲ್ಲಿ ಇಲ್ಲದ ದಿನ ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ. ಮೈಕ್ರೋಕಂಟ್ರೋಲರಿಗೆ ಪ್ರೋಗ್ರಾಂ ತುಂಬುವ ಯುಎಸ್‌ಬಿ ಪ್ರೋಗ್ರಾಮರನ್ನು ಮನೆಯಲ್ಲೇ ಕಟ್ಟಲು ಹೊರಟವರದೂ ಇದೇ ಪಾಡು. ಅದರ ಹೊಟ್ಟೆಯಲ್ಲಿ ಕೂತಿರುವುದೂ ಒಂದು ಮೈಕ್ರೋಕಂಟ್ರೋಲರೇ. ಆ ಚಿಪ್ಪಿಗೆ ಮೊದಲ ಸಲ ಕೋಡ್ ಡಂಪ್ ಮಾಡಲು ಬೇರೆ ಯಾರದೋ ಪ್ರೋಗ್ರಾಮರ್ ಬೇಕು.

ಕೋಲಾರದ ಕಡೆ ಈ ಮಾತಿಗೆ ಹೆಚ್ಚಿನ ತೂಕವಿದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು; ನೀರಾವರಿ ಬಹುಪಾಲು ಕೊಳವೆಬಾವಿಯ ಮೇಲೆ. ಮುಳಬಾಗಿಲಿನ ಟೊಮೆಟೊ ಹೊಲಕ್ಕೂ ಶ್ರೀನಿವಾಸಪುರದ ಮಾವಿನ ತೋಪಿಗೂ ನೀರು ಬಿಡಲು ಕರೆಂಟು ಬಂದ ಹೊತ್ತಿಗೆ ಎದ್ದು ಹೋಗಬೇಕು. ತ್ರೀ ಫೇಸ್ ಬಂದೊಡನೆ ಮೋಟಾರು ತಾನೇ ಹೊರಡುವಂತೆ, ನೀರಿಲ್ಲದೆ ಓಡತೊಡಗಿದರೆ ನಿಲ್ಲುವಂತೆ ಮಾಡುವುದು ಒಂದು ಸಣ್ಣ ಚಿಪ್ಪಿನ ಕೆಲಸ. ಮಂಡಿಯ ತೂಕದ ಯಂತ್ರದಲ್ಲಿ, ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಯಂತ್ರದಲ್ಲಿ ಕೂತಿರುವುದೂ ಅಂಥದ್ದೇ. ಅದರೊಳಗಿನ ಪ್ರೋಗ್ರಾಮನ್ನು ನಾವೇ ಬರೆಯಬಲ್ಲೆವೋ ಇಲ್ಲವೋ ಎಂಬುದು ಈ ಊರುಗಳಿಗೆ ಬರೀ ಹವ್ಯಾಸದ ಮಾತಲ್ಲ.

ಮೊದಮೊದಲು ಮನೆಯಲ್ಲಿ ಕೂತು ಬರೆಯುವ ಮಾತೇ ಇರಲಿಲ್ಲ. ಇಂಟೆಲ್ 1976ರಲ್ಲಿ 8748 ಎಂಬ ಚಿಪ್ಪನ್ನೂ 1980ರಲ್ಲಿ 8051 ಬಳಗವನ್ನೂ ತಂದಿತು. ಪ್ರೋಗ್ರಾಂ ಬದಲಿಸಬಹುದಾದ ಚಿಪ್ಪುಗಳ ನೆತ್ತಿಯ ಮೇಲೆ ಗಾಜಿನಂಥ ಕಿಟಕಿ ಇರುತ್ತಿತ್ತು. ಹಳೆಯದನ್ನು ಅಳಿಸಲು ಅಲ್ಟ್ರಾವಯೊಲೆಟ್ ದೀಪದ ಕೆಳಗೆ ನಿಮಿಷಗಟ್ಟಲೆ ಇಡಬೇಕು, ಹೊಸದನ್ನು ಬರೆಯಲು 20 ವೋಲ್ಟಿಗೂ ಮಿಕ್ಕಿದ ವೋಲ್ಟೇಜು ಕೊಡಬೇಕು. ಇದನ್ನೆಲ್ಲ ಮಾಡುವ ಪೆಟ್ಟಿಗೆ ಕಾಲೇಜಿನ ಲ್ಯಾಬಿನಲ್ಲಿ ಬೀಗದೊಳಗೆ ಇರುವ ಸಾಮಾನು.

1993ರಲ್ಲಿ ಮೈಕ್ರೋಚಿಪ್ ಕಂಪನಿಯ ಪಿಕ್ 16ಸಿ84 ಬಂದಾಗ ಬೀಗ ಸಡಿಲವಾಯಿತು. ಅದನ್ನು ವಿದ್ಯುತ್ತಿನಿಂದಲೇ ಅಳಿಸಿ, ಕೆಲವೇ ತಂತಿಗಳಲ್ಲಿ ಮತ್ತೆ ಬರೆಯಬಹುದಾಗಿತ್ತು. ಕಂಪ್ಯೂಟರಿನ ಸೀರಿಯಲ್ ಪೋರ್ಟಿನಿಂದಲೇ ಕರೆಂಟು ಕದ್ದು ನಡೆಯುವ ಜೆಡಿಎಂ ಎಂಬ ಪುಟ್ಟ ಸರ್ಕಿಟ್ ಹವ್ಯಾಸಿಗಳ ಮನೆಮನೆಗೆ ಹೋಯಿತು. ಆಟ್ಮೆಲ್‌ನ 89ಸಿ51ಕ್ಕೆ ಇನ್ನೂ ಹತ್ತಾರು ಪಿನ್ನುಗಳನ್ನೂ 12 ವೋಲ್ಟನ್ನೂ ಜೋಡಿಸಬೇಕಿತ್ತು. ಅದರ ತಮ್ಮ 89ಎಸ್52ರಲ್ಲಿ, ನಾರ್ವೆಯ ಟ್ರಾಂಡ್‌ಹೈಮ್‌ನ ವಿದ್ಯಾರ್ಥಿಗಳಿಬ್ಬರ ಯೋಚನೆಯಿಂದ ಹುಟ್ಟಿದ ಎವಿಆರ್ ಚಿಪ್ಪುಗಳಲ್ಲಿ, ಬೋರ್ಡಿನಿಂದ ಕೀಳದೆಯೇ ಬರೆಯುವ ಸೌಕರ್ಯ ಬಂತು: ಮೋಸಿ, ಮಿಸೋ, ಎಸ್‌ಸಿಕೆ, ರೀಸೆಟ್, ಜೊತೆಗೆ ಸಪ್ಲೈ ಮತ್ತು ಗ್ರೌಂಡ್. ಆರೇ ತಂತಿ. ಪ್ರಿಂಟರ್ ಪೋರ್ಟಿನ 25 ಪಿನ್ನಿನ ಕನೆಕ್ಟರಿಗೆ ನಾಲ್ಕಾರು ರೆಸಿಸ್ಟರ್ ಬೆಸೆದರೆ ಪ್ರೋಗ್ರಾಮರ್ ಸಿದ್ಧ. ಆದರೆ ಒಂದು ತಂತಿ ತಪ್ಪಿದರೆ ಸುಡುವುದು ಕಂಪ್ಯೂಟರಿನ ಪೋರ್ಟು.

ಆಮೇಲೆ ಲ್ಯಾಪ್‌ಟಾಪ್ ಬಂತು, ಪ್ರಿಂಟರ್ ಪೋರ್ಟು ಮಾಯವಾಯಿತು. ಉಳಿದದ್ದು ಯುಎಸ್‌ಬಿ. ಇದು ಬರೀ ತಂತಿಯಲ್ಲ. ಕಂಪ್ಯೂಟರು ನೀನು ಯಾರೆಂದು ಕೇಳುತ್ತದೆ, ಸರಿಯಾದ ಹೊತ್ತಿಗೆ ಸರಿಯಾದ ಉತ್ತರ ಬರಬೇಕು. ಅದಕ್ಕೆಂದೇ ಪ್ರತ್ಯೇಕ ಯಂತ್ರಾಂಶವಿರುವ ಚಿಪ್ಪು ಬೇಕೆಂದು ಎಲ್ಲರೂ ನಂಬಿದ್ದರು. ಸ್ಲೊವಾಕಿಯಾದ ಇಗೊರ್ ಚೆಶ್ಕೊ, ಬಳಿಕ ವಿಯೆನ್ನಾದ ಆಬ್ಜೆಕ್ಟಿವ್ ಡೆವಲಪ್‌ಮೆಂಟ್ ಸಂಸ್ಥೆಯವರು, ಸಾಮಾನ್ಯ ಎವಿಆರ್ ಚಿಪ್ಪಿನಲ್ಲಿ ಬರೀ ಸಾಫ್ಟ್‌ವೇರಿನಿಂದಲೇ ಇದನ್ನು ಮಾಡಿ ತೋರಿಸಿದರು. ನನ್ನ ಮಟ್ಟಿಗೆ ಈ ಇಡೀ ಕಥೆಯ ಅತಿ ಸೊಗಸಾದ ಘಟ್ಟ ಇದು. ಯುಎಸ್‌ಬಿಯ ನಿಧಾನದ ವೇಗವೆಂದರೆ ಸೆಕೆಂಡಿಗೆ 15 ಲಕ್ಷ ಬಿಟ್. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಒಂದೊಂದು ಬಿಟ್ಟಿಗೆ ಚಿಪ್ಪಿಗೆ ಸಿಗುವುದು ಎಂಟೇ ಬಡಿತ. ಆ ಎಂಟರೊಳಗೆ ಬಿಟ್ಟನ್ನು ಓದಿ, ಕೂಡಿಟ್ಟು, ಮುಂದಿನದಕ್ಕೆ ಕಾಯಬೇಕು. ಆ ಅಸೆಂಬ್ಲಿ ಕೋಡನ್ನು ಸಾಲುಸಾಲಾಗಿ ಎಣಿಸುತ್ತ ಓದಿದವರಿಗೆ ಅದು ತಾಳ ತಪ್ಪದ ಮೃದಂಗದ ನುಡಿಸಾಣಿಕೆಯಂತೆ ಕಾಣದೆ ಇರದು.

ಇದರ ಮೇಲೆಯೇ ಜರ್ಮನಿಯ ಥಾಮಸ್ ಫಿಶ್ಲ್ 2005ರ ಸುಮಾರಿಗೆ ಯುಎಸ್‌ಬಿಆಸ್ಪ್ ಎಂಬ ಪ್ರೋಗ್ರಾಮರ್ ರಚಿಸಿ, ನಕ್ಷೆ ಮತ್ತು ಕೋಡ್ ಎರಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಆಟ್‌ಮೆಗಾ8 ಎಂಬ ಒಂದು ಎವಿಆರ್ ಚಿಪ್ಪು, ಅದೇ 12 ಮೆಗಾಹರ್ಟ್ಸ್ ಕ್ರಿಸ್ಟಲ್, 22 ಪಿಕೋಫ್ಯಾರಡ್ಡಿನ ಎರಡು ಕೆಪಾಸಿಟರ್, 68 ಓಮಿನ ಎರಡು ರೆಸಿಸ್ಟರ್, 3.6 ವೋಲ್ಟಿನ ಜೀನರ್ ಜೋಡಿ, ಒಂದೆರಡು ಎಲ್‌ಇಡಿ, ಇನ್ನು ಚೂರುಪಾರು. ಮಾಲೂರಿನವರು ರೈಲು ಹತ್ತಿ, ಮುಳಬಾಗಿಲಿನವರು ಹೈವೇ ಬಸ್ಸು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಂದರೆ ಎಲ್ಲವೂ ಒಂದೇ ಕವರಿನಲ್ಲಿ ಸಿಗುತ್ತದೆ.

ಜೀನರ್ ಕೇಳುವಾಗ ಮಾತ್ರ ಎಚ್ಚರ. ದಪ್ಪನೆಯ ಒಂದು ವಾಟಿನದು ಗಟ್ಟಿಮುಟ್ಟೆಂದು ಅಂಗಡಿಯವರು ಅದನ್ನೇ ಕೊಟ್ಟುಬಿಡಬಹುದು. ಅದರ ಕೆಪಾಸಿಟೆನ್ಸ್ ಹೆಚ್ಚಾದ್ದರಿಂದ ಸಿಗ್ನಲಿನ ಅಂಚು ಮೊಂಡಾಗಿ, ಕಂಪ್ಯೂಟರು ಗುರುತು ಸಿಗದ ಸಾಧನ ಎಂದುಬಿಡುತ್ತದೆ. ಅರ್ಧ ವಾಟಿನ ಗಾಜಿನದೇ ಬೇಕು. ಯುಎಸ್‌ಬಿಯ ಡಿ ಮೈನಸ್ ತಂತಿಯನ್ನು ಮೇಲೆಳೆಯುವ 2.2 ಕಿಲೋಓಮಿನ ರೆಸಿಸ್ಟರೂ ಹಾಗೆಯೇ: ಇದು ನಿಧಾನದ ಸಾಧನ ಎಂದು ಕಂಪ್ಯೂಟರಿಗೆ ತಿಳಿಯುವುದೇ ಅದರಿಂದ. ತಪ್ಪಿ ಡಿ ಪ್ಲಸ್ಸಿಗೆ ಬೆಸೆದರೆ ರಾತ್ರಿಯಿಡೀ ಡ್ರೈವರ್ ಹುಡುಕುತ್ತ ಕೂರಬೇಕು.

ಇನ್ನು ಫ್ಯೂಸ್ ಬಿಟ್, ಎಂದರೆ ಚಿಪ್ಪು ಯಾವ ಗಡಿಯಾರದಲ್ಲಿ ಓಡಬೇಕೆಂಬಂಥ ಹೊಂದಿಕೆಗಳು. ಹೊಸ ಆಟ್‌ಮೆಗಾ8 ಕಾರ್ಖಾನೆಯಿಂದ ಬರುವಾಗ ತನ್ನೊಳಗಿನ 1 ಮೆಗಾಹರ್ಟ್ಸ್ ಗಡಿಯಾರದಲ್ಲೇ ಓಡುತ್ತಿರುತ್ತದೆ. ಬರೆಯುವ ವೇಗ ಅದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಯುಎಸ್‌ಬಿಆಸ್ಪ್‌ನಲ್ಲಿ ವೇಗ ತಗ್ಗಿಸುವ ಜಂಪರ್ ಇಟ್ಟಿರುವುದು ಇದಕ್ಕೇ. ಗಡಿಯಾರದ ಫ್ಯೂಸ್ ತಪ್ಪಿಸಿದರೆ ಚಿಪ್ಪು ಮೂಕವಾಗುತ್ತದೆ. ಸತ್ತಿತೆಂದು ಎಸೆಯಬೇಡಿ, ಅದರ ಕ್ರಿಸ್ಟಲ್ ಪಿನ್ನಿಗೆ ಹೊರಗಿನಿಂದ ಗಡಿಯಾರದ ಸಿಗ್ನಲ್ ಕೊಟ್ಟರೆ ಮತ್ತೆ ಮಾತಾಡುತ್ತದೆ.

ಈಗ ಸಿದ್ಧ ಯುಎಸ್‌ಬಿಆಸ್ಪ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಿಡಿಭಾಗ, ಬಸ್ ಚಾರ್ಜು ಕೂಡಿಸಿದರೆ ಕೈಯಲ್ಲಿ ಕಟ್ಟಿದ್ದೇ ದುಬಾರಿ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ, ಪ್ರೋಗ್ರಾಮನ್ನು ತಾನೇ ಬರೆದುಕೊಳ್ಳುವ ಬೂಟ್‌ಲೋಡರನ್ನು ಚಿಪ್ಪಿನೊಳಗೇ ಕೂರಿಸಿ ಪ್ರೋಗ್ರಾಮರಿನ ಅಗತ್ಯವನ್ನೇ ಬಹುಪಾಲು ಕಳೆಯಿತು. 2021ರ ರಾಸ್ಪ್‌ಬೆರಿ ಪೈ ಪಿಕೋಗೆ ಪೆನ್‌ಡ್ರೈವಿಗೆ ಹಾಡು ಹಾಕಿದ ಹಾಗೆ ಫೈಲ್ ಎಳೆದು ಬಿಟ್ಟರೆ ಸಾಕು. ಆದರೂ ಡಿಪ್ಲೊಮಾ ಹುಡುಗ ಹುಡುಗಿಯರು ಒಮ್ಮೆಯಾದರೂ ಯುಎಸ್‌ಬಿಆಸ್ಪನ್ನು ಡಾಟ್ ಬೋರ್ಡಿನ ಮೇಲೆ ಕಟ್ಟಲಿ ಎಂಬುದು ನನ್ನ ಆಸೆ. ನರಸಾಪುರದ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವ ಕೆಲಸ ಈ ಜಿಲ್ಲೆಗೆ ಬಂದಿದೆ. ಅದರ ಜೊತೆಗೆ, ಮೋಟಾರಿನ ಕೆಟ್ಟ ಸ್ಟಾರ್ಟರ್ ಬೋರ್ಡಿನ ಮೇಲೆ ಆ ಆರು ಪಿನ್ನು ಎಲ್ಲಿವೆ ಎಂದು ಹುಡುಕಿ, ಚಿಪ್ಪಿನ ಸಹಿ ಓದಬಲ್ಲ ಕೈಗಳೂ ಇಲ್ಲೇ ಬೆಳೆಯಬೇಕು.

ಮೊದಲ ಹೆಪ್ಪಿನ ತೊಡಕು ಕೂಡ ಈಗ ಕಳೆದಿದೆ. ಯಾವುದೇ ಆರ್ಡುಯಿನೊ ಉನೊ ಬೋರ್ಡಿಗೆ ಐಎಸ್‌ಪಿ ಎಂಬ ಸ್ಕೆಚ್ (ಆರ್ಡುಯಿನೊ ಪ್ರೋಗ್ರಾಂ) ತುಂಬಿದರೆ ಅದೇ ಪ್ರೋಗ್ರಾಮರ್ ಆಗುತ್ತದೆ. ಅದರಿಂದ ನಿಮ್ಮ ಆಟ್‌ಮೆಗಾ8ಕ್ಕೆ ಯುಎಸ್‌ಬಿಆಸ್ಪ್ ಕೋಡ್ ಇಳಿಸಬಹುದು. ಆಮೇಲೆ ಎದುರು ಮನೆಯವರು ಕೇಳಿಕೊಂಡು ಬಂದರೆ, ಅವರ ಚಿಪ್ಪಿಗೆ ಬರೆದುಕೊಡಲು ನಿಮ್ಮಲ್ಲೊಂದು ಇರುತ್ತದೆ.