ಇಂಗ್ಲಿಷ್ ಓದು–ಬರಹ ಬೋಧನೆ: ರಾಮನಗರ ಸೀಮೆಯ ಪ್ರಾಥಮಿಕ ಶಾಲೆಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. 2007-08ರ ಶೈಕ್ಷಣಿಕ ಸಾಲಿನಲ್ಲೇ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅದಕ್ಕೆ ಮೊದಲು ಅದು ಐದನೆಯ ತರಗತಿಯಲ್ಲಿ ಆರಂಭವಾಗುತ್ತಿತ್ತು.

ನಿಜವಾದ ತೊಡಕು ಎದುರಾಗುವುದು ನಾಲ್ಕು ಮತ್ತು ಐದನೇ ತರಗತಿಗಳಲ್ಲಿ. ಮೂರನೆಯವರೆಗೆ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯ ಕಾರ್ಡು, ಹಾಡು, ಆಟಗಳಲ್ಲಿ ಕಲಿತ ಮಗು ಇಲ್ಲಿ ಪಠ್ಯಪುಸ್ತಕ ಹಿಡಿಯುತ್ತದೆ. ಬರೆದಂತೆ ಓದುವ ಕನ್ನಡಕ್ಕೆ ಒಗ್ಗಿದ ಕಣ್ಣಿಗೆ ಇಂಗ್ಲಿಷ್ ಕಾಗುಣಿತ ಒರಟು: ‘ಕಟ್’, ‘ಪುಟ್’ ಎರಡರಲ್ಲೂ ಇರುವುದು ‘ಯು’ ಅಕ್ಷರವೇ, ‘ನೈಫ್’ ಬರೆಯಲು ‘ಕೆ’ಯಿಂದ ಆರಂಭಿಸಬೇಕು. ಮನೆಯಲ್ಲಿ ‘ಇಸ್ಕೂಲು’ ಎನ್ನುವ ಮಗು ಅದೇ ಪದವನ್ನು ಆದಿಸ್ವರವಿಲ್ಲದೆ ಬರೆಯಬೇಕು. ಆದ್ದರಿಂದ ಅಕ್ಷರದ ಹೆಸರಿಗಿಂತ ಅದರ ಧ್ವನಿಯನ್ನು ಮೊದಲು ಕಲಿಸಿ, ನಿಯಮ ಮೀರಿದ ಪದಗಳನ್ನು ಇಡಿಯಾಗಿ ಗುರುತಿಸಲು ರೂಢಿಸುವುದು ಫಲಕಾರಿ. ಕರಿಹಲಗೆಯಿಂದ ನಕಲು ಮಾಡುವುದು ಕೈಬರಹವನ್ನು ತಿದ್ದೀತು, ಬರವಣಿಗೆಯನ್ನು ಕಲಿಸದು.

ಬರೆಯಲು ವಸ್ತುವಿಗೆ ಇಲ್ಲಿ ಕೊರತೆಯಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು, ಮಾಗಡಿಯ ಕೋಟೆ, ಕನಕಪುರದ ಅರ್ಕಾವತಿ—ಇವುಗಳ ಬಗ್ಗೆ ಮಗು ಮೊದಲು ಕನ್ನಡದಲ್ಲಿ ಮಾತಾಡಿ, ಆಮೇಲೆ ಎರಡು ಇಂಗ್ಲಿಷ್ ವಾಕ್ಯ ಬರೆಯಬಲ್ಲದು. ಕನ್ನಡದಲ್ಲಿ ಓದು ಗಟ್ಟಿಯಾದ ಮಗುವಿಗೆ ಎರಡನೆಯ ಭಾಷೆಯ ಓದೂ ಸುಲಭ.

ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳುವ ಸಣ್ಣ ಹಳ್ಳಿಶಾಲೆಗಳಲ್ಲಿ ಇಂಥ ಮಾತು–ಬರವಣಿಗೆಗೆ ಸಮಯ ಹೊಂದಿಸುವುದು ಕಷ್ಟ. ಆದರೆ ಬೋಧನೆಗೆ ನೆರವು ದೂರವಿಲ್ಲ: ಶಿಕ್ಷಕರ ಇಂಗ್ಲಿಷ್ ತರಬೇತಿಗೆಂದು 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿದೆ.