ಚೌಕ ಗುಂಡಿ

ಟೋಕಿಯೋದಲ್ಲಿರುವ ಮಗ ನನ್ನನ್ನು ಅಕಿಹಬರದ ಹಳೆಯ ವಿಡಿಯೋ ಗೇಮಿನ ಅಂಗಡಿಗೆ ಕರೆದುಕೊಂಡು ಹೋದ. ಅವನಿಗೆ ಬೇಕಿದ್ದುದು ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್. 1983ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 14,800 ಯೆನ್.

ಕೆಂಪು ಬಿಳಿಯ ಎರಡು ಪೆಟ್ಟಿಗೆ ಮುಂದಿಟ್ಟರು. ಒಂದರ ಹಿಡಿಯಲ್ಲಿ ಚೌಕ ಗುಂಡಿ, ಇನ್ನೊಂದರಲ್ಲಿ ದುಂಡನೆಯವು. ಚೌಕದ್ದಕ್ಕೇ ಬೆಲೆ ಬಹಳ ಹೆಚ್ಚು. ಕಾರಣ ಕೇಳಿ ನಗು ಬಂತು. ಮೊದಮೊದಲ ಗುಂಡಿಗಳು ಚೌಕದ ರಬ್ಬರಿನವು. ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತಿದ್ದವಂತೆ. ಅದಕ್ಕೇ ಕಂಪನಿ ದುಂಡನೆಯ ಪ್ಲಾಸ್ಟಿಕ್ ಗುಂಡಿ ಹಾಕಿತು. ಕೆಟ್ಟದ್ದು ಅಪರೂಪವಾಗಿ ಈಗ ದುಬಾರಿ! ಸೋರುವ ಬಿಂದಿಗೆಗೆ ಹೆಚ್ಚು ದುಡ್ಡು ಕೊಡುವವರು ನಮ್ಮಲ್ಲಿ ಯಾರಿದ್ದಾರೆ?

"ಆಡೋಕೋ, ಷೋಕೇಸಿಗೋ?" ಎಂದೆ.

"ಆಡೋಕಮ್ಮ."

"ಹಾಗಾದ್ರೆ ದುಂಡಗಿರೋದನ್ನೇ ತಗೊ."

ಮೂಲೆಯ ಬುಟ್ಟಿಯಲ್ಲಿ ಇನ್ನೂ ಅಗ್ಗದವು ಇದ್ದವು. ಪರೀಕ್ಷಿಸಿಲ್ಲ, ವಾಪಸ್ಸಿಲ್ಲ ಎಂಬ ಚೀಟಿ. ಅವನ ಕೈ ಅತ್ತ ಹೋಯಿತು. ನಾನು ತಡೆದೆ. ತಯಾರಿಕೆ 2003ರಲ್ಲಿ, ಕಂಪನಿಯ ರಿಪೇರಿ 2007ರಲ್ಲಿ ನಿಂತುಹೋಗಿದೆ. ಮೈ ಹಳದಿಯಾಗಿದ್ದರೆ ಚಿಂತೆಯಿಲ್ಲ, ವಯಸ್ಸಾದರೆ ಯಾರಿಗಿಲ್ಲ? ಆದರೆ ಹಿಡಿಯ ವೈರು ಪೆಟ್ಟಿಗೆಯೊಳಗೇ ಸೇರಿದೆ, ಕೆಟ್ಟರೆ ಕಿತ್ತು ಬೇರೆಯದು ಸಿಕ್ಕಿಸುವ ಹಾಗಿಲ್ಲ. ಟಿವಿಗೆ ಹಾಕಿ ಪ್ರತಿಯೊಂದು ಗುಂಡಿಯನ್ನೂ ಒತ್ತಿಸಿ ನೋಡಿದೆ.

ತೊಂಬತ್ತರ ದಶಕದಲ್ಲಿ ನಮ್ಮೂರಿಗೆ ಬಂದಿದ್ದದ್ದು ಇದರ ಅಗ್ಗದ ನಕಲು. ಆಗ ಅವನು ಅತ್ತು ಕೇಳಿದ್ದ. ಪರೀಕ್ಷೆ ಮುಗೀಲಿ ಎಂದು ಗದರಿದ್ದೆ. ಯಾವ ಪರೀಕ್ಷೆಯೂ ಕೊನೆಯದಾಗಲಿಲ್ಲ.

ಚೌಕಾಸಿ ಇಲ್ಲಿ ನಡೆಯುವುದಿಲ್ಲವಂತೆ. ಅವನು ಪರ್ಸಿಗೆ ಕೈ ಹಾಕುವ ಮೊದಲೇ ನನ್ನ ಕೈಚೀಲ ತೆರೆದೆ.