ರೇಂಜು ಅಡಿಗಿಮನಿಗೆ ಬಂದ ಕಥಿ

ಮಳಿ ಹಿಡದೈತಿ, ಹಪ್ಪಳ ಸಂಡಗಿ ಕೆಲಸ ಎಲ್ಲಾ ಮುಗದೈತಿ, ಅದಕ್ಕ ಬರಿಯಾಕ ಕುಂತೀನಿ.

ಹೋದ ವಾರ ಮುಂಜಾನಿ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕ ಹತ್ತಿದ್ನಿ. ಗ್ವಾಡಿ ಮಾಡದಾಗ ಇಟ್ಟಿದ್ದ ಫೋನು ಹೊಡಕೊಂತು. ಪುಣೇದಾಗಿರೋ ಮಗಳದು. ಕೈಯಾಗಿನ ಹಿಟ್ಟು ಸುದ್ದಾ ಒರಸಿಕೊಳ್ಳದ ಫೋನ್ ಎತ್ತಿ, "ತಡಿ, ತಡಿ" ಅನಕೋತ ಮಾಳಗಿ ನಿಚ್ಚಣಿಕಿ ಕಡೆ ಓಡಿದ್ನಿ. ಎರಡು ಮೆಟ್ಟಲಾ ಏರಿರಬೇಕು, ಅಕಿ ನಕ್ಕೋತ ಅಂದ್ಲು, "ಯವ್ವಾ, ಎಲ್ಲಿಗೆ ಓಡ್ತೀ? ಒಳಗಿದ್ದಾಗನ ನಿನ್ನ ದನಿ ಚಂದ ಕೇಳತಿತ್ತಲ್ಲ." ಆವಾಗ ನೆನಪಾತು, ನಮ್ಮೂರಿಗೆ ಹೊಸಾ ಟಾವರು ಆಗೇತಿ, ಇನ್ನ ಮಾಳಗಿ ಏರೂದು ಬೇಕಿಲ್ಲ ಅಂತ. ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋಗಿತ್ತು, ಆ ಮಾತು ಬ್ಯಾರೆ.

ಆವತ್ತಿಂದ ತಲ್ಯಾಗ ಒಂದ ಮಾತು ತಿರಗಾಕ ಹತ್ತೇತಿ. ರೇಂಜು ಊರಿಗೆ ಬರೂದು ಬ್ಯಾರೆ, ಅಡಿಗಿಮನಿಗೆ ಬರೂದು ಬ್ಯಾರೆ. ಈ ಎರಡರ ನಡುವ ನನ್ನ ಅರ್ಧ ಆಯುಷ್ಯ ಕಳದೈತಿ. ಅದರ ಇತಿಹಾಸ ನಮ್ಮ ಹೆಣ್ಣಮಕ್ಕಳಿಗಾದ್ರೂ ಗೊತ್ತಿರಲಿ ಅಂತ ಬರದೀನಿ.

ನನ್ನ ತವರು ಕಿತ್ತೂರ ಮಗ್ಗಲದ ಹಳ್ಳಿ. ಕಿತ್ತೂರು ಅಂದ ಕೂಡ್ಲೆ ಎಲ್ಲಾರಿಗೂ ಚೆನ್ನಮ್ಮ ನೆನಪಾಗ್ತಾಳ, ಆಗಬೇಕಾದ್ದ ಅದು. ಆದ್ರ ಟೆಲಿಫೋನಿನ ಇತಿಹಾಸದಾಗೂ ಕಿತ್ತೂರಿನ ಹೆಸರೈತಿ ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ. 1984ರಾಗ ಸರಕಾರ ಸಿ-ಡಾಟ್ ಅನ್ನೋ ಸಂಸ್ಥಾ ಶುರು ಮಾಡಿತು. ಸ್ಯಾಮ್ ಪಿತ್ರೋಡಾ ಅವರು ಅದರ ಹಿಂದಿದ್ದವರು. 36 ತಿಂಗಳದಾಗ, 36 ಕೋಟಿ ರೂಪಾಯಿದಾಗ ನಮ್ಮ ದೇಶದ್ದ ಎಕ್ಸ್‌ಚೇಂಜ್ ಮಾಡಿ ಕೊಡ್ತೀವಿ ಅಂತ ಹೊಂಟ್ರು. ಆಗಿನ ಪರದೇಶದ ಎಲೆಕ್ಟ್ರಾನಿಕ್ ಮಷೀನಿಗೆ ಏಸಿ ರೂಮು ಬೇಕು. ನಮ್ಮ ಹಳ್ಳ್ಯಾಗ ಒಂದು ಬಲ್ಬಿಗೇ ಕರೆಂಟಿನ ಗ್ಯಾರಂಟಿ ಇರಲಿಲ್ಲ, ಏಸಿ ಎಲ್ಲಿಂದ ತರೂದು? ಅದಕ್ಕ ಧೂಳು, ಬಿಸಲು ತಡಕೊಳ್ಳೋ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿದ್ರು. ಫ್ರಿಜ್ ಬ್ಯಾಡ, ಮಣ್ಣಿನ ಗಡಿಗಿ ಸಾಕು ಅಂದಂಗ. ಅಂಥಾ ಮೊದಲನೇ ಎಕ್ಸ್‌ಚೇಂಜ್ 1986ರ ಜುಲೈದಾಗ ಕೂತಿದ್ದು ನಮ್ಮ ಕಿತ್ತೂರಾಗ.

ಅದಕ್ಕಿಂತ ಮೊದಲ ದೂರದ ಊರಿಗೆ ಮಾತಾಡಬೇಕಂದ್ರ ಟ್ರಂಕ್ ಕಾಲ್. ಪೋಸ್ಟಿನಾಗ ಬುಕ್ ಮಾಡಿ, ಕಟ್ಟಿ ಮ್ಯಾಲ ಕುಂತು ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ತರಾ. ರೊಕ್ಕ ಹೆಚ್ಚಿಗಿ ಕೊಟ್ಟಂಗ ಲಗೂನ ಸಿಗತಿತ್ತು. ನಂಬರ್ ತಿರಿವಿ ನೇರ ಮಾತಾಡೋ ಎಸ್‌ಟಿಡಿ ನಮ್ಮ ದೇಶದಾಗ 1960ರಾಗ ಕಾನ್ಪುರ, ಲಖನೌ ನಡುವ ಶುರು ಆಗಿತ್ತು ಖರೇ. ಆದ್ರ ನಮ್ಮಂಥಾ ಹಳ್ಳಿಗೆ ಅದು ಕಾಲಿಡಾಕ ಮತ್ತೊಂದು ತಲೆಮಾರ ಹೋತು. ನಮ್ಮ ಅವ್ವಗ ಟ್ರಂಕ್ ಕಾಲ್ ಅಂದ್ರ ಸಾವಿನ ಸುದ್ದಿ ಅಂತನ ಅರ್ಥ. ಯಾರೋ "ನಿಮಗ ಫೋನ್ ಬಂದೈತಿ" ಅಂದ್ರ ಅಕಿ ಮೊದಲ ಕುಂತಬಿಡ್ತಿದ್ಲು.

1989ರಾಗ ನನ್ನ ಲಗ್ನ ಆತು. ಗಂಡನ ಮನಿ ಅಳ್ನಾವರದ ಆಚಿಗೆ, ಅಡವಿ ಮಗ್ಗಲದಾಗ. ತವರಿಗೆ ಭಾಳ ದೂರ ಏನಲ್ಲ. ಆದ್ರ ಹೊಸಾ ಸೊಸಿಗೆ ಹತ್ತು ಹರದಾರಿ ಆದ್ರೇನು, ನೂರು ಹರದಾರಿ ಆದ್ರೇನು, ಕರಿಯಾಕ ಬರೂತನಕ ಹೋಗೂ ಹಂಗಿಲ್ಲ. ಆಗ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಕಾಲ. ಅವ್ವ ನಮ್ಮ ಅಣ್ಣನ ಕೂಡ ಕಿತ್ತೂರ ಬೂತಿಗೆ ಬರತಿದ್ಲು, ನಾನು ಸಂತಿ ನೆವಾ ಮಾಡಕೊಂಡು ಅಳ್ನಾವರದ ಬೂತಿನಾಗ ನಿಂದರತಿದ್ನಿ. ಮೊದಲ ಪತ್ರದಾಗ ಯಾವ ವಾರ, ಎಷ್ಟು ಗಂಟೆಕ್ಕ ಅಂತ ಬರದಿರಬೇಕು. ರಾತ್ರಿ ಹೊತ್ತಾದ ಮ್ಯಾಲ ರೇಟು ಕಡಿಮಿ, ಆದ್ರ ಹೆಣ್ಣಮಕ್ಕಳು ರಾತ್ರಿ ಬೂತಿಗೆ ಯಾವ ಲೆಕ್ಕದಾಗ ಹೋಗಬೇಕು? ಕಡಿಮಿ ರೇಟಿನ ಮಾತೆಲ್ಲಾ ಗಂಡಮಕ್ಕಳಿಗೆ, ಪೂರಾ ರೇಟಿನ ಮಾತು ನಮಗ. ಅವ್ವಗ ಆ ಕೆಂಪು ಅಂಕಿ ಓಡೂದು ಕಂಡ್ರ ಜೀವಾ ಹೋಗತಿತ್ತು. "ಉಂಡಿ? ಆರಾಮದಿ? ಯಾವಾಗ ಬರ್ತೀ?" ಮೂರ ಪ್ರಶ್ನಿ, ಫೋನ್ ಇಟ್ಟಬಿಡಾಕಿ.

ಇನ್ನ ಮೊಬೈಲ್. ನಮ್ಮ ದೇಶದಾಗ ಮೊದಲನೇ ಮೊಬೈಲ್ ಕರೆ 1995ರ ಜುಲೈ 31ಕ್ಕ. ಕಲಕತ್ತಾದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿದಾಗಿದ್ದ ಮಂತ್ರಿ ಸುಖರಾಮ್ ಅವರ ಕೂಡ ಮಾತಾಡಿದ್ರು. ಆಗ ಫೋನ್ ಮಾಡಿದವರಿಗಷ್ಟ ಅಲ್ಲ, ಎತ್ತಿದವರಿಗೂ ರೊಕ್ಕ ಬೀಳತಿತ್ತು. 2003ರಾಗ ಒಳಬರೋ ಕರೆ ಫ್ರೀ ಆತು ನೋಡ್ರಿ, ಅಲ್ಲಿಂದ ಮುಂದ ನಮ್ಮಂಥಾವರ ಮನಿಗೂ ಮೊಬೈಲ್ ಬಂತು. 2002ರ ಅಕ್ಟೋಬರದಾಗ ಬಿಎಸ್ಎನ್ಎಲ್ ಮೊಬೈಲೂ ಶುರು ಆಗಿತ್ತು. ನಮ್ಮನ್ಯಾಗ ಫೋನ್ ಬಂದಿದ್ದು 2004ರ ದೀಪಾವಳಿಗೆ. ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡಿದ್ವಿ. ಆಮ್ಯಾಲ ನೋಡಿದ್ರ ಒಳಗ ಒಂದ ಕಡ್ಡಿ ಸುದ್ದಾ ಇಲ್ಲ. ರೇಂಜು ಸಿಗೂದು ಮಾಳಗಿ ಮ್ಯಾಲ, ಅದೂ ಪೂರ್ವದ ಮೂಲ್ಯಾಗ.

ಯಾಕ ಅಂತ ಆವಾಗ ತಿಳೀತಿರಲಿಲ್ಲ, ಈಗ ತಿಳದೈತಿ. ಟಾವರಿನಿಂದ ಬರೋ ತರಂಗಕ್ಕ ಗಿಡಾ, ಗುಡ್ಡಾ, ಗ್ವಾಡಿ ಎಲ್ಲಾ ಅಡ್ಡ. ನಮ್ಮದು ಎರಡು ಮೊಳದ ಮಣ್ಣಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ. ಬ್ಯಾಸಗ್ಯಾಗ ಬಿಸಲು ಒಳಗ ಬಿಡದಂಗ ಕಾಯತಿದ್ದ ಗ್ವಾಡಿ, ರೇಂಜನ್ನೂ ಹೊರಗ ನಿಂದರಸ್ತು. ಪಡಸಾಲ್ಯಾಗ ಬಾಗಲಾ ಐತಿ, ಅಲ್ಲಿ ಗಂಡಸರು ಕುಂತಿರ್ತಾರ, ಅವರಿಗೆ ಒಂದೆರಡು ಕಡ್ಡಿ ಸಿಗತಿದ್ದವು. ಅಡಿಗಿಮನಿ ಮನಿಯ ಹೊಟ್ಟ್ಯಾಗ. ಕಂಪನಿಯವರು ನಕ್ಷಾದಾಗ ಊರಿಗೆ ಬಣ್ಣಾ ಬಳದು "ಈ ಊರಿಗೆ ರೇಂಜ್ ಐತಿ" ಅಂತಾರ. ಅವರು ಲೆಕ್ಕ ಹಿಡಿಯೂದು ಊರಿಂದು, ಒಲಿ ಮುಂದ ಕುಂತವರಿಂದಲ್ಲ.

ಹಂಗಾಗಿ ನಾವ ಪದ್ಧತಿ ಮಾಡಕೊಂಡ್ವಿ. ಒಂದ ಮಿಸ್ ಕಾಲ್ ಅಂದ್ರ ಮುಟ್ಟೀನಿ, ಎರಡಂದ್ರ ಮಾತಾಡೂದೈತಿ. ಸಂಜಿಮುಂದ ಒಣಗಿದ ಅರಬಿ ತರಾಕ ಮಾಳಗಿಗೆ ಹೋದಾಗ ಅವ್ವನ ಕೂಡ ಹತ್ತು ನಿಮಿಷ ಮಾತು. ಉಳಿದ ಹೊತ್ತು ಫೋನು ಮಾಡದಾಗ ಸುಮ್ಮನ ಕುಂತಿರತಿತ್ತು.

2009ರ ಮಳಿಗಾಲದಾಗ ಒಂದು ರಾತ್ರಿ ಅವ್ವಗ ಲಕ್ವಾ ಹೊಡೀತು. ಅಣ್ಣ ಒಂಬತ್ತು ಗಂಟೆಕ್ಕ ಫೋನ್ ಹಚ್ಚಿದ್ದ. ಹತ್ತಕ್ಕ ಹಚ್ಚಿದ್ದ. ರಾತ್ರಿ ಇಡೀ ಹಚ್ಚಿದ್ದ. ಪ್ರತಿ ಸಲಾ ಆ ಹುಡುಗಿ ದನಿ, "ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ". ನಾನೆಲ್ಲಿ ಹೊರಗಿದ್ನಿ? ಫೋನಿನಿಂದ ನಾಕ ಮಾರು ದೂರ ಮಲಗಿದ್ನಿ. ಮುಂಜಾನಿ ಮಳಿ ನಿಂತ ಮ್ಯಾಲ ಮಾಳಗಿ ಸೋರತೈತೇನು ನೋಡೋಣಂತ ಏರಿದ್ನಿ, ಫೋನು ಕುಬುಸದಾಗಿತ್ತು. ಒಂದರ ಮ್ಯಾಲೊಂದು ಮೆಸೇಜ್ ಬರಾಕ ಹತ್ತಿದವು. ಹನ್ನೊಂದು ಮಿಸ್ ಕಾಲು.

ನಾ ಧಾರವಾಡದ ದವಾಖಾನಿ ಮುಟ್ಟೂದ್ರಾಗ ಅವ್ವನ ಮಾತು ನಿಂತಿತ್ತು. ರಾತ್ರಿ ಹನ್ನೆರಡರ ತನಕ ತೊದಲಕೋತ ನನ್ನ ಹೆಸರು ಅಂತಿದ್ಲಂತ. ಮುಂದ ಮೂರು ವರ್ಷ ಬದಕಿದ್ಲು, ಕಣ್ಣಿಲೆ ಎಲ್ಲಾ ಹೇಳತಿದ್ಲು, ಬಾಯಿಲೆ ಬರಲಿಲ್ಲ. "ಉಂಡಿ?" ಅಂತ ಮತ್ತ ಕೇಳಲಿಲ್ಲ. ಯಾವ ಕಂಪನಿ ಅಂತ ನಾ ಹೇಳೂದಿಲ್ಲ. ಆಗ ನಮ್ಮ ಊರಾಗ ಯಾವ ಕಂಪನಿದು ತಗೊಂಡಿದ್ರೂ ಅಷ್ಟ ಆಗತಿತ್ತು.

ಆಮ್ಯಾಲ ಕಂಪನಿ ಬದಲಿ ಮಾಡೋ ಸವಲತ್ತು ಬಂತು. 2011ರ ಜನವರಿದಾಗ ನಂಬರ್ ಅದನ್ನ ಇಟಗೊಂಡು ಬ್ಯಾರೆ ಕಂಪನಿಗೆ ಹೋಗಬಹುದು ಅಂತ ಇಡೀ ದೇಶಕ್ಕ ಆತು. ನಮ್ಮ ಓಣ್ಯಾಗ ಎಲ್ಲಾರೂ ಬದಲಿ ಮಾಡಿದ್ದ ಮಾಡಿದ್ದು. 2016ರಾಗ ಜಿಯೋ ಬಂದು ತಿಂಗಳಗಟ್ಟಲೆ ಫ್ರೀ ಕೊಟ್ಟಾಗ ಮತ್ತ ಬದಲಿ. ನಳದಾಗ ನೀರ ಇಲ್ಲದಾಗ ಕೊಡಾ ಬದಲಿ ಮಾಡಿದಂಗ ಆತು ನಮ್ಮ ಹಣೇಬರಾ. 2024ರ ಜುಲೈದಾಗ ಖಾಸಗಿ ಕಂಪನಿಗಳು ರೇಟು ಏರಿಸಿದಾಗ ದೇಶದ ಮಂದಿ ಸಿಟ್ಟಿಗೆದ್ದು ಬಿಎಸ್ಎನ್ಎಲ್ ಕಡೆ ಹೋದ್ರು. ಟ್ರಾಯ್ ಲೆಕ್ಕದ ಪ್ರಕಾರ ಆ ಒಂದ ತಿಂಗಳದಾಗ ಅದಕ್ಕ ಸುಮಾರು 29 ಲಕ್ಷ ಗಿರಾಕಿ ಹೆಚ್ಚಾದ್ರು. ನವೆಂಬರ್ ಬರೂದ್ರಾಗ ಅದಕ್ಕೂ ಗಿರಾಕಿ ಕಡಿಮಿ ಆಗಾಕ ಹತ್ತಿದ್ರು. ರೇಟು ನೋಡಿ ಬಂದ ಮಂದಿ ನಿಂದರಬೇಕಂದ್ರ ರೇಂಜೂ ಬೇಕಲ್ಲ.

ಊರೂರಿಗೂ ಯಾಕ ಟಾವರು ಹಾಕೂದಿಲ್ಲ ಅಂದ್ರ, ಅದು ಅಂಗಡಿ ಲೆಕ್ಕ. ಟಾವರಿಗೆ ಕರೆಂಟು ಬೇಕು, ಬ್ಯಾಟರಿ ಬೇಕು, ಕಾಯವರು ಬೇಕು. ನೂರು ಮನಿ ಊರಾಗ ಆ ಖರ್ಚು ಹುಟ್ಟೂದಿಲ್ಲ. ಅದಕ್ಕ ಸರಕಾರ ಒಂದು ನಿಧಿ ಇಟ್ಟೈತಿ. ಕಂಪನಿಗಳ ಆದಾಯದಾಗ ನೂರಕ್ಕ ಐದು ರೂಪಾಯಿ ಆ ಹಳ್ಳಿ ನಿಧಿಗೆ ಅಂತ ಹೋಗತೈತಿ. ಈಗ ಅದಕ್ಕ ಡಿಜಿಟಲ್ ಭಾರತ ನಿಧಿ ಅಂತಾರ. ಅಂದ್ರ ನಾವು ರೀಚಾರ್ಜ್ ಮಾಡಿದಾಗೆಲ್ಲಾ ಯಾವದೋ ಅಡವಿ ಊರಿನ ಟಾವರಿಗೆ ಚೂರು ಪಟ್ಟಿ ಕೊಟ್ಟಂಗ. 2022ರ ಜುಲೈದಾಗ 26,316 ಕೋಟಿ ರೂಪಾಯಿದಾಗ 24,680 ಊರಿಗೆ 4ಜಿ ಮುಟ್ಟಸ್ತೀವಿ ಅಂತ ನಿರ್ಣಯ ಆತು. 2025ರ ಸೆಪ್ಟೆಂಬರ್ 27ಕ್ಕ ಒಡಿಶಾದ ಝಾರಸುಗುಡದಾಗ ಪ್ರಧಾನಿಯವರು ಬಿಎಸ್ಎನ್ಎಲ್‌ದ ಸ್ವದೇಶಿ 4ಜಿ ಉದ್ಘಾಟನಾ ಮಾಡಿದ್ರು. 97,500ಕ್ಕಿಂತ ಹೆಚ್ಚು ಟಾವರು, ಸುಮಾರು 37,000 ಕೋಟಿ ಖರ್ಚು. ಟಾವರಿನ ರೇಡಿಯೋ ಮಷೀನು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ದವು, ಜೋಡಿಸಿದವರು ಟಿಸಿಎಸ್. ಎಲ್ಲಾ ಕರೆ ಹಾಯಬೇಕಾದ ನಡುಮನಿ, ಅದನ್ನ ಕೋರ್ ಅಂತಾರ, ಅದನ್ನ ಮಾಡಿದವರು ಅದ ಸಿ-ಡಾಟ್. 1986ರಾಗ ಕಿತ್ತೂರಾಗ 128 ಲೈನ್ ಕೂಡಿಸಿದವರು! ಓದಿದಾಗ ನಂಗ ತವರಿನವರ ಯಾರೋ ಬಂದಂಗಾತು.

ನಮ್ಮೂರ ಹೊಸಾ ಟಾವರಿನ ಮಾತಿಗೆ ಬರೋಣ. ಅದು ಶುರು ಆದ ದಿನಾ ಓಣ್ಯಾಗ ಜಾತ್ರಿ. ರೇಷನ್ ಅಂಗಡ್ಯಾಗ ಹೆಬ್ಬಟ್ಟು ಒತ್ತಿ ಮಧ್ಯಾಹ್ನದ ತನಕ ಕಾಯತಿದ್ದವರು ಕಾಲ ತಾಸಿನಾಗ ಅಕ್ಕಿ ಹೊತಗೊಂಡು ಮನಿಗೆ ಬಂದ್ರು. ಅಂಗನವಾಡಿ ಬಾಯಾರು ಮಕ್ಕಳ ತೂಕಾ ಫೋನಿಗೆ ಏರಿಸಾಕ ಗುಡ್ಡಕ್ಕ ಹೋಗೂದು ತಪ್ಪಿತು. ಗೃಹಲಕ್ಷ್ಮಿ ರೊಕ್ಕದ ಮೆಸೇಜು ಬಂತೋ ಇಲ್ಲೋ ಅಂತ ಮಾಳಗಿ ಏರಿ ಇಳಿಯೂದೂ ತಪ್ಪಿತು.

ತಕರಾರು ಇಲ್ಲಂತಿಲ್ಲ. ಬರೇ 4ಜಿ ಇರೋ ಟಾವರಿನಾಗ ಹಳೇ 2ಜಿ ಗುಂಡಿ ಫೋನ್ ನಡಿಯೂದಿಲ್ಲ. ನಮ್ಮ ಅತ್ತಿಯವರು ಎಲ್ಲಾರ ಸಂಭ್ರಮ ನೋಡಿ ತಮ್ಮ ಫೋನ್ ಕಿವಿಗೆ ಹಿಡಕೊಂಡು, "ನಂದ್ಯಾಕ ಮಾತಾಡವಲ್ದು?" ಅಂತ ಸಣ್ಣ ಮಾರಿ ಮಾಡಕೊಂಡ್ರು. 4ಜಿ ನಡಿಯೋ ಗುಂಡಿ ಫೋನ್ ಸಿಗತಾವ, ಒಂದು ತರಿಸಿದ್ವಿ. ನಿಮ್ಮನ್ಯಾಗ ವಯಸ್ಸಾದವರಿದ್ರ ಮೊದಲ ಇದನ್ನ ನೋಡ್ರಿ. ಸಂಜಿಮುಂದ ಎಲ್ಲಾರೂ ಒಮ್ಮೆಲೆ ವಿಡಿಯೋ ಹಚ್ಚಿದ್ರ ಕಡ್ಡಿ ತುಂಬಿದ್ರೂ ಮುಂದ ಹೋಗವಲ್ದು. ಕಡ್ಡಿ ಹೇಳೂದು ಟಾವರು ಎಷ್ಟು ಚಂದ ಕೇಳತೈತಿ ಅನ್ನೂದನ್ನ ಅಷ್ಟ. ಒಂದ ಪೈಪಿಗೆ ಎಲ್ಲಾರೂ ನಳಾ ತೆಗದ್ರ ನೀರು ಸಣ್ಣ ಆಗೂದಿಲ್ಲೇನು, ಹಂಗ. ಇನ್ನೊಂದು ಮಾತು. ನಿಮ್ಮ ಕಂಪನಿ ರೇಂಜ್ ಇಲ್ಲದಾಗೂ ಅಲ್ಲೆ ಬ್ಯಾರೆ ಕಂಪನಿದು ಸಿಗತಿದ್ರ 112 ಹತ್ತತೈತಿ. ಮಕ್ಕಳಿಗೂ ಕಲಿಸಿ ಇಡ್ರಿ.

ಬಾಜೂ ಮನಿ ವೈನಿ ಮಾತ್ರ ಬ್ಯಾರೆ ಹೇಳಿದ್ಲು. "ಅಕ್ಕಾ, ಚಲೋ ಆತು ಖರೇ. ಆದ್ರ ಮಾಳಗಿ ಮ್ಯಾಲ ನಿಂತು ತವರಿನ ಕೂಡ ಮನಸ ಬಿಚ್ಚಿ ಮಾತಾಡತಿದ್ವಿ. ಈಗ ಒಳಗ ಮಾತಾಡಿದ್ರ ಎಲ್ಲಾರ ಕಿವಿ ಇಲ್ಲೆ. ಮಾಳಗಿಗೆ ಹೋಗಾಕ ನೆವಾನೂ ಉಳೀಲಿಲ್ಲ." ನಾನು ಅಂದ್ನಿ, ಅರಬಿ ಒಣಗಸೂದು ಯಾವ ಕಂಪನಿಯವರೂ ನಿಲ್ಲಿಸಿಲ್ಲ, ಹೋಗವಾ ಅಂತ.

ರಾತ್ರಿ ಮಲಗೂಮುಂದ ಫೋನು ಅದ ಮಾಡದಾಗ ಇಡ್ತೀನಿ. ಈಗ ಅಲ್ಲಿ ಮೂರು ಕಡ್ಡಿ ಇರ್ತಾವ. ಒಂದ ಸಲಾ ನೋಡಿ ದೀಪಾ ಆರಸ್ತೀನಿ. ಮಗಳು ರಾತ್ರಿ ಯಾವ ಹೊತ್ತಿನಾಗ ಹಚ್ಚಿದ್ರೂ ನನಗ ಕೇಳಸ್ತೈತಿ. ಆವತ್ತು ಮುಂಜಾನಿ ಅಕಿ ಕೇಳಿದ್ದಕ್ಕ ನಾ ಇನ್ನೂ ಉತ್ತರಾ ಕೊಟ್ಟಿಲ್ಲ, ಎಲ್ಲಿಗೆ ಓಡಾಕ ಹತ್ತಿದ್ನಿ ಅಂತ. ಇದನ್ನ ಓದಿದ್ರ ತಿಳಕೊಂತಾಳ.